ಬೋಟಿನ ಇಂಜಿನಿನ ನಾಡಿಪರೀಕ್ಷೆ

ಮನೀಶ್ ನಗರದಲ್ಲಿ ಕುಳಿತು ಕಡಲಿನ ಇಂಜಿನಿನ ಮಾತೇಕೆ ಎಂದು ವಾಚಕರು ಕೇಳಬಹುದು. ನಾಗಪುರದಿಂದ ಯಾವ ದಿಕ್ಕಿಗೆ ಹೊರಟರೂ ಒಂದು ರಾತ್ರಿಯನ್ನು ರೈಲಿನಲ್ಲಿ ಕಳೆಯದೆ ಉಪ್ಪುನೀರು ಕಣ್ಣಿಗೆ ಬೀಳುವುದಿಲ್ಲ. ಆದರೆ ಬೋಟಿನ ಡೀಸೆಲ್ ಇಂಜಿನಿಗೂ, ಕರೆಂಟು ಹೋದಾಗ ನಮ್ಮ ಕಟ್ಟಡಗಳ ಕೆಳಗೆ ಗುಡುಗುವ ಜನರೇಟರಿನ ಇಂಜಿನಿಗೂ, ವರ್ಧಾ ರಸ್ತೆಯಲ್ಲಿ ಓಡುವ ಲಾರಿಯ ಇಂಜಿನಿಗೂ ಒಳಗಿನ ರಚನೆಯಲ್ಲಿ ಭೇದ ಕಡಿಮೆ. ಲಾರಿಗೆಂದು ತಯಾರಾದ ಇಂಜಿನನ್ನೇ ಸಮುದ್ರದ ನೀರಿನಿಂದ ತಂಪಾಗುವಂತೆ ಮಾರ್ಪಡಿಸಿ ಬೋಟಿನಲ್ಲಿ ಕೂರಿಸುವುದು ನಮ್ಮ ಕರಾವಳಿಯಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಭೇದ ತೋರುವುದು ಇಂಜಿನು ಕೆಟ್ಟಾಗ. ಲಾರಿ ಕೆಟ್ಟರೆ ಚಾಲಕನು ಅದನ್ನು ರಸ್ತೆಯ ಬದಿಗೆ ಹಚ್ಚಿ ಚಹ ಕುಡಿಯಲು ಹೋಗಬಹುದು. ಮಲ್ಪೆಯಿಂದಲೋ ಕಾರವಾರದಿಂದಲೋ ಹೊರಟು ದಡ ಕಾಣದಷ್ಟು ದೂರ ಹೋದ ಬೋಟಿಗೆ ರಸ್ತೆಯ ಬದಿಯೆಂಬುದೇ ಇಲ್ಲ.

ಅಂಥ ಬೋಟಿನಲ್ಲಿ ಒಂದು ರಾತ್ರಿ ಎಣ್ಣೆಯ ಒತ್ತಡವನ್ನು ತೋರಿಸುವ ಗೇಜಿನ ಮುಳ್ಳು ಇದ್ದಕ್ಕಿದ್ದಂತೆ ಕೆಳಗೆ ಬಿತ್ತೆಂದು ಇಟ್ಟುಕೊಳ್ಳಿ. ತಾಂಡೇಲನ ಮುಂದೆ ಎರಡು ದಾರಿ. ಇಂಜಿನನ್ನು ನಿಲ್ಲಿಸಿದರೆ ಬೋಟು ಅಲೆಗಳ ವಶವಾಗುತ್ತದೆ. ನಿಲ್ಲಿಸದೆ ನಡೆಸಿದರೆ, ಮುಳ್ಳು ಹೇಳಿದ್ದು ನಿಜವಾಗಿದ್ದ ಪಕ್ಷದಲ್ಲಿ, ಕೆಲವೇ ನಿಮಿಷಗಳಲ್ಲಿ ಇಂಜಿನು ತಾನಾಗಿಯೇ ನಿಲ್ಲುತ್ತದೆ, ಆಮೇಲೆ ಎದ್ದೇಳುವುದಿಲ್ಲ. ಮುಳ್ಳು ಹೇಳಿದ್ದು ಸುಳ್ಳಾಗಿದ್ದರೆ ಬಲೆ ಎಳೆದುಕೊಂಡು ಬರಿಗೈಯಲ್ಲಿ ಹಿಂತಿರುಗಿದ ನಷ್ಟವೆಲ್ಲ ವ್ಯರ್ಥ. ಇದರಲ್ಲಿ ಯಾವುದು ಎಂದು ತಿಳಿಯುವ ಬಗೆ ಹೇಗೆ? ಅದಕ್ಕೆ ಒಂದು ಕ್ರಮವಿದೆ. ಆ ಕ್ರಮವನ್ನು ತಿಳಿಯಬೇಕಾದರೆ ಮೊದಲು ಮುಳ್ಳು ಅಳೆಯುವುದು ಏನನ್ನು ಎಂಬುದು ಮನಸ್ಸಿಗೆ ಬರಬೇಕು.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದೀರಿ. ಕೀಲೆಣ್ಣೆ ಆರಿದ ಗಾಡಿ ಕಿರುಗುಟ್ಟುತ್ತದೆ, ಎತ್ತಿಗೆ ಭಾರವಾಗುತ್ತದೆ, ಅಷ್ಟೆ. ನಿಮಿಷಕ್ಕೆ ಸಾವಿರದೈನೂರು ಸುತ್ತು ತಿರುಗುವ ಇಂಜಿನಿಗೆ ಹೀಗೆ ಆಗಾಗ ಹಚ್ಚಿದ ಎಣ್ಣೆ ಸಾಲದು. ಪಿಸ್ಟನ್ನುಗಳ ಏರಿಳಿತವನ್ನು ತಿರುಗಾಟವನ್ನಾಗಿ ಮಾಡುವ ಕ್ರ್ಯಾಂಕ್ ಶಾಫ್ಟೆಂಬ ಉಕ್ಕಿನ ದಂಡವು ಬೇರಿಂಗುಗಳೆಂಬ ಮೆದು ಲೋಹದ ತೊಟ್ಟಿಲುಗಳಲ್ಲಿ ಮಲಗಿ ತಿರುಗುತ್ತದೆ. ದಂಡಕ್ಕೂ ತೊಟ್ಟಿಲಿಗೂ ನಡುವಣ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ತಲೆಯ ಕೂದಲೊಂದು ಪ್ರಯಾಸದಿಂದ ತೂರೀತು. ಆ ಸಂದಿನಲ್ಲಿ ಎಣ್ಣೆಯ ಪೊರೆ ಇರುವವರೆಗೆ ಲೋಹಕ್ಕೆ ಲೋಹ ತಾಗುವುದಿಲ್ಲ. ಪೊರೆ ಹರಿಯಿತೋ, ತೊಟ್ಟಿಲಿನ ಮೆದು ಲೋಹ ಕರಗಿ ಒರೆಸಿಹೋಗುತ್ತದೆ.

ಈ ಪೊರೆಯ ವಿಷಯದಲ್ಲಿ ಒಂದು ಸ್ವಾರಸ್ಯವಾದ ಕಥೆಯಿದೆ. ೧೮೮೩ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೀಚಮ್ ಟವರ್ ಎಂಬ ಇಂಜಿನಿಯರನು ರೈಲುಗಾಡಿಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದ. ಎಣ್ಣೆ ಹಾಕುವುದಕ್ಕೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ತೂತು ಕೊರೆದ. ಎಣ್ಣೆ ಒಳಗೆ ಹೋಗುವುದರ ಬದಲು ಆ ತೂತಿನಿಂದ ಮೇಲಕ್ಕೆ ಉಕ್ಕತೊಡಗಿತು. ಬಿರಡೆ ಹಾಕಿದ, ಬಿರಡೆಯನ್ನು ಎಣ್ಣೆ ಎತ್ತಿ ಒಗೆಯಿತು. ಮರದ ಬೆಣೆ ಹೊಡೆದ, ಅದನ್ನೂ ಹೊರಕ್ಕೆ ನೂಕಿತು. ಕೊನೆಗೆ ಗೇಜು ಕೂರಿಸಿ ನೋಡಿದರೆ, ಬೇರಿಂಗಿನ ಮೇಲೆ ಚದರಂಗುಲಕ್ಕೆ ಸುಮಾರು ೧೦೦ ಪೌಂಡಿನ ಭಾರವಿದ್ದಾಗ ೨೦೦ ಪೌಂಡಿನ ಗೇಜಿನ ಮುಳ್ಳು ತನ್ನ ಎಲ್ಲೆಯನ್ನೇ ದಾಟಿಹೋಯಿತು. ತಿರುಗುವ ದಂಡವು ಎಣ್ಣೆಯನ್ನು ತನ್ನ ಜೊತೆಯಲ್ಲಿ ಎಳೆದುಕೊಂಡು ಕಿರಿದಾಗುತ್ತ ಹೋಗುವ ಸಂದಿನೊಳಕ್ಕೆ ತುರುಕುತ್ತದೆ, ಹೀಗೆ ತಾನೇ ಹುಟ್ಟಿಸಿದ ಒತ್ತಡದ ಮೇಲೆ ತಾನೇ ತೇಲುತ್ತದೆ ಎಂಬುದು ಇದರ ಅರ್ಥ. ೧೮೮೬ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತವನ್ನು ಒದಗಿಸಿದ.

ಹಾಗಾದರೆ ಪಂಪು ಮಾಡುವುದೇನು? ಪಂಪು ದಂಡವನ್ನು ಎತ್ತಿ ಹಿಡಿಯುವುದಿಲ್ಲ. ಸಂದಿನಿಂದ ಸದಾ ಸೋರಿಹೋಗುವ ಎಣ್ಣೆಯ ಜಾಗಕ್ಕೆ ಹೊಸ ಎಣ್ಣೆಯನ್ನು ತಪ್ಪದೆ ತಲುಪಿಸುತ್ತದೆ. ಜೊತೆಗೆ ಅಲ್ಲಿಯ ಬಿಸಿಯನ್ನು ತೊಳೆದು ತರುತ್ತದೆ. ಇಂಜಿನಿನ ತಳದ ತಟ್ಟೆಯಿಂದ, ಅಂದರೆ ಸಂಪಿನಿಂದ, ಒಂದು ಜರಡಿಯ ಮೂಲಕ ಎಣ್ಣೆಯನ್ನು ಹೀರಿ, ಕೂಲರಿನಲ್ಲಿ ತಣಿಸಿ, ಫಿಲ್ಟರಿನಲ್ಲಿ ಸೋಸಿ, ಇಂಜಿನಿನ ಉದ್ದಕ್ಕೂ ಕೊರೆದಿರುವ ಮುಖ್ಯ ಕಾಲುವೆಗೆ ದಾಟಿಸುತ್ತದೆ. ಅಲ್ಲಿಂದ ಎಣ್ಣೆ ಕವಲೊಡೆದು ಒಂದೊಂದು ಬೇರಿಂಗಿಗೂ ಹೋಗಿ, ಸಂದುಗಳಿಂದ ತೊಟ್ಟಿಕ್ಕಿ ಮತ್ತೆ ಸಂಪಿಗೆ ಬೀಳುತ್ತದೆ. ಗೇಜು ಸಾಮಾನ್ಯವಾಗಿ ಆ ಮುಖ್ಯ ಕಾಲುವೆಗೆ ಅಂಟಿಕೊಂಡಿರುತ್ತದೆ.

ಇಲ್ಲಿ ಅನೇಕರು ತಿಳಿಯದ ಒಂದು ಅಂಶವಿದೆ. ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಹರಿವನ್ನು ಹುಟ್ಟಿಸುತ್ತದೆ. ಆ ಹರಿವಿಗೆ ಎದುರಾಗುವ ಅಡ್ಡಿಯೇ ಒತ್ತಡ. ಗಿಡಗಳಿಗೆ ನೀರು ಬಿಡುವ ರಬ್ಬರು ಕೊಳವೆಯ ಬಾಯಿಗೆ ಹೆಬ್ಬೆರಳನ್ನು ಒತ್ತಿದರೆ ಒಳಗೆ ಒತ್ತಡ ಏರುತ್ತದೆ, ಬೆರಳು ತೆಗೆದರೆ ಇಳಿಯುತ್ತದೆ. ನಲ್ಲಿಯಲ್ಲಿ ಏನೂ ಬದಲಾಗಿಲ್ಲ. ಇಂಜಿನಿನಲ್ಲಿ ಹೆಬ್ಬೆರಳಿನ ಕೆಲಸವನ್ನು ಬೇರಿಂಗಿನ ಕಿರುಸಂದುಗಳೂ ಎಣ್ಣೆಯ ಮಂದತನವೂ ಮಾಡುತ್ತವೆ. ಆದ್ದರಿಂದ ಮುಳ್ಳು ಇಳಿದಿದೆಯೆಂದರೆ ಮೂರರಲ್ಲಿ ಒಂದು: ಹರಿವು ಕಡಿಮೆಯಾಗಿದೆ, ಇಲ್ಲವೆ ಎಣ್ಣೆ ಎಲ್ಲೋ ಸುಲಭವಾಗಿ ನುಸುಳಿಹೋಗುತ್ತಿದೆ, ಇಲ್ಲವೆ ಎಲ್ಲವೂ ಸರಿಯಾಗಿದ್ದು ಗೇಜು ಸುಳ್ಳು ಹೇಳುತ್ತಿದೆ. ಮುಳ್ಳು ನಾಡಿಯಂತೆ. ವೈದ್ಯನು ನಾಡಿ ಮಂದವಾಗಿದೆಯೆಂದೊಡನೆ ರೋಗಿಯ ಎದೆಯನ್ನು ಕೊಯ್ಯುವುದಿಲ್ಲ. ಆದರೆ ಇಂಜಿನಿನ ವಿಷಯದಲ್ಲಿ ಇಂಥ ಕೊಯ್ತ ಎಷ್ಟೋ ಸಲ ನಡೆಯುತ್ತದೆ. ನೂರಿನ್ನೂರು ರೂಪಾಯಿನ ತಂತಿಯ ದೋಷಕ್ಕೆ ಲಕ್ಷದ ಲೆಕ್ಕದಲ್ಲಿ ಇಂಜಿನು ಬಿಚ್ಚಿಸಿದವರಿದ್ದಾರೆ.

ಎಷ್ಟಿದ್ದರೆ ಸರಿ? ಲಾರಿಯ ಜಾತಿಯ ಡೀಸೆಲ್ ಇಂಜಿನುಗಳಲ್ಲಿ, ಚೆನ್ನಾಗಿ ಬಿಸಿಯಾಗಿ ಪೂರ್ಣ ವೇಗದಲ್ಲಿ ಓಡುವಾಗ ಚದರ ಸೆಂಟಿಮೀಟರಿಗೆ ೩ರಿಂದ ೫ ಕಿಲೋಗ್ರಾಂ, ಬರಿದೆ ಉರಿಯುತ್ತ ನಿಂತಾಗ ೧ರ ಹತ್ತಿರ ಎಂಬುದು ಸ್ಥೂಲವಾದ ಲೆಕ್ಕ. ನಿಮ್ಮ ಇಂಜಿನಿನ ಪುಸ್ತಕ ಹೇಳುವ ಅಂಕಿಯೇ ಪ್ರಮಾಣ. ಹಳೆಯ ಗೇಜುಗಳಲ್ಲಿ ಚದರಂಗುಲಕ್ಕೆ ಪೌಂಡುಗಳೆಂದು ಗುರುತಿರುತ್ತದೆ. ಒಂದು ಕಿಲೋಗ್ರಾಮಿನ ಒತ್ತಡವೆಂದರೆ ೧೪ ಪೌಂಡಿಗಿಂತ ತುಸು ಹೆಚ್ಚು. ಗೇಜು ಬದಲಾದಾಗ ಅಳತೆಯೂ ಬದಲಾದುದನ್ನು ಗಮನಿಸದೆ ಗಾಬರಿಯಾಗುವುದು ಹೊಸದೇನಲ್ಲ. ಇನ್ನೂ ಒಂದು ಮಾತು. ಇಂಜಿನಿಗೆ ಹಾಕುವ ನಾಲ್ವತ್ತರ ದರ್ಜೆಯ ಎಣ್ಣೆ ೪೦ ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರುವ ಮಂದತನಕ್ಕೂ ೧೦೦ ಡಿಗ್ರಿಯಲ್ಲಿ ಇರುವುದಕ್ಕೂ ಸುಮಾರು ಹತ್ತು ಪಟ್ಟು ವ್ಯತ್ಯಾಸ. ಬೆಳಗ್ಗೆ ಚಾಲೂ ಮಾಡಿದಾಗ ಮುಳ್ಳು ಆಕಾಶದಲ್ಲಿ, ಮಧ್ಯಾಹ್ನ ಇಳಿದು ನೆಲದ ಕಡೆಗೆ. ಇದು ರೋಗವಲ್ಲ, ಸ್ವಭಾವ. ತಂಪು ಇಂಜಿನಿನ ಅಂಕಿಯನ್ನು ಬಿಸಿ ಇಂಜಿನಿನ ಅಂಕಿಯ ಜೊತೆ ಹೋಲಿಸುವವನು ಮಾವನ್ನು ಹಲಸಿನೊಡನೆ ತೂಗುತ್ತಾನೆ.

ಈಗ ಕ್ರಮಕ್ಕೆ ಬರೋಣ. ಮುಳ್ಳು ಒಮ್ಮೆಲೆ ಸೊನ್ನೆಗೆ ಬಿದ್ದರೆ ಮೊದಲ ಕೆಲಸ ಇಂಜಿನನ್ನು ನಿಲ್ಲಿಸುವುದು, ಯೋಚಿಸುವುದು ಆಮೇಲೆ. ಓಡುತ್ತಿರಲಿ ನೋಡೋಣ ಎಂಬ ಮಾತಿಗೆ ಇಲ್ಲಿ ಅವಕಾಶವಿಲ್ಲ. ಇದಕ್ಕೆ ಒಂದೇ ಒಂದು ವಿನಾಯಿತಿ: ಬೋಟು ಅಳಿವೆಯ ಬಾಯಲ್ಲಿ, ಒಡೆಯುವ ಅಲೆಗಳ ನಡುವೆ ಇದ್ದರೆ, ಇಲ್ಲವೆ ಬಂಡೆಗಳ ಬಳಿ ಇದ್ದರೆ, ಇಂಜಿನು ಸುಟ್ಟುಹೋದರೂ ಸರಿಯೆ, ಬಯಲು ನೀರಿಗೋ ದಕ್ಕೆಗೋ ಮುಟ್ಟುವವರೆಗೆ ನಡೆಸಬೇಕು. ಇಂಜಿನನ್ನು ಕೊಳ್ಳಬಹುದು, ಕಲಾಸಿಗಳನ್ನು ಕೊಳ್ಳಲಾಗದು. ಬಯಲು ನೀರಿನಲ್ಲಿ ನಿಂತ ಬೋಟು ಲಂಗರು ಹಾಕಿ, ದೀಪ ತೋರಿಸಿ, ರೇಡಿಯೋದ ಹದಿನಾರನೆಯ ಚಾನೆಲಿನಲ್ಲಿ ತಾನಿರುವ ಸ್ಥಳವನ್ನು ತಿಳಿಸಿಟ್ಟು, ಆಮೇಲೆ ಇಂಜಿನಿನ ಕೋಣೆಗೆ ಇಳಿಯುವುದು ಕ್ಷೇಮ.

ನಿಲ್ಲಿಸಿದ ಮೇಲೆ ಗೇಜನ್ನು ನೋಡಿ. ಇಂಜಿನು ನಿಂತಿರುವಾಗ ಮುಳ್ಳು ಸೊನ್ನೆಯ ಮೇಲೆ ಕೂತಿದೆಯೆ? ಸೊನ್ನೆಗಿಂತ ಕೆಳಗೆ ಜಗ್ಗಿದ್ದರೆ ಗೇಜೇ ಕೆಟ್ಟಿದೆ. ಗೇಜುಗಳಲ್ಲಿ ಎರಡು ಜಾತಿ. ಒಂದರಲ್ಲಿ ಸಣ್ಣ ತಾಮ್ರದ ಕೊಳವೆಯ ಮೂಲಕ ಎಣ್ಣೆಯೇ ಗೇಜಿನವರೆಗೆ ಬಂದು, ಬಾಗಿದ ಒಂದು ಚಪ್ಪಟೆ ಕೊಳವೆಯನ್ನು ನೆಟ್ಟಗೆ ಮಾಡಲು ಯತ್ನಿಸುತ್ತದೆ, ಅದರ ತುದಿ ಮುಳ್ಳನ್ನು ತಿರುಗಿಸುತ್ತದೆ. ೧೮೪೯ರಲ್ಲಿ ಫ್ರಾನ್ಸಿನ ಯೂಜೀನ್ ಬೂರ್ದೋನ್ ಕಂಡುಹಿಡಿದ ಉಪಾಯ ಇದು, ಇಂದಿಗೂ ಇದನ್ನು ಮೀರಿಸಿದ ಸಾಕ್ಷಿಯಿಲ್ಲ. ಇನ್ನೊಂದು ಜಾತಿಯಲ್ಲಿ ಇಂಜಿನಿಗೆ ತಿರುಪಿರುವ ಒಂದು ಬಿಲ್ಲೆ ಒತ್ತಡವನ್ನು ವಿದ್ಯುತ್ತಿನ ಅಡ್ಡಿಯಾಗಿ ಮಾರ್ಪಡಿಸಿ ತಂತಿಯ ಮೂಲಕ ಗೇಜಿಗೆ ಕಳಿಸುತ್ತದೆ. ಉಪ್ಪಿನ ಗಾಳಿಗೆ ತಂತಿಯ ತುದಿಗಳು ಹಸಿರುಗಟ್ಟುತ್ತವೆ, ಅರ್ಥಿಂಗು ಸಡಿಲವಾಗುತ್ತದೆ, ಬಿಲ್ಲೆ ಒಳಗೇ ಸವೆಯುತ್ತದೆ. ಬಿಲ್ಲೆಯೊಂದನ್ನು ಬದಲಿಸಿದವರು ಗೇಜಿಗೆ ಹೊಂದದ ಬೇರೆ ತಯಾರಕರ ಬಿಲ್ಲೆ ಹಾಕಿದರೆ ಮುಳ್ಳು ಆ ದಿನದಿಂದ ತಪ್ಪನ್ನೇ ತೋರಿಸುತ್ತದೆ. ರಿಪೇರಿಯಾದ ಮರುದಿನವೇ ಒತ್ತಡ ಇಳಿದರೆ ರಿಪೇರಿಯನ್ನೇ ಮೊದಲು ಶಂಕಿಸಬೇಕು.

ಗೇಜಲ್ಲದೆ ಎಚ್ಚರಿಕೆಯ ದೀಪ ಅಥವಾ ಗಂಟೆಯೊಂದು ಇರುತ್ತದೆ. ಅದಕ್ಕೆ ಬೇರೆಯದೇ ಸ್ವಿಚ್ಚು ಇರುವುದರಿಂದ ಅದು ಎರಡನೆಯ ಸಾಕ್ಷಿ. ಒತ್ತಡ ಬಹಳ ಕೆಳಕ್ಕೆ, ಹಲವು ಇಂಜಿನುಗಳಲ್ಲಿ ಅರ್ಧ ಕಿಲೋಗ್ರಾಮಿನ ಹತ್ತಿರಕ್ಕೆ, ಬಿದ್ದಾಗ ಮಾತ್ರ ಅದು ಬಾಯಿ ಬಿಡುತ್ತದೆ. ಚಾವಿ ತಿರುಗಿಸಿ ಇಂಜಿನು ಇನ್ನೂ ಹೊರಡದಿರುವಾಗ ದೀಪ ಹತ್ತಲೇಬೇಕು. ಹತ್ತದಿದ್ದರೆ ಆ ಸಾಕ್ಷಿ ಸತ್ತಿದೆ. ಗೇಜು ಸೊನ್ನೆ ಎನ್ನುತ್ತಿದೆ, ಕೆಲಸ ಮಾಡುವ ದೀಪ ಮೌನವಾಗಿದೆ, ಇಂಜಿನಿನ ಸದ್ದಿನಲ್ಲಿ ಬದಲಾವಣೆಯಿಲ್ಲ ಎಂದಾದರೆ ಗೇಜಿನ ಮೇಲೆ ಅನುಮಾನ ಬರುತ್ತದೆ. ಇಬ್ಬರೂ ಸಾಕ್ಷಿಗಳು ಒಂದೇ ಮಾತು ಹೇಳಿದರೆ ನಂಬಬೇಕು. ಖಚಿತ ಮಾಡಿಕೊಳ್ಳುವ ಉಪಾಯ ಒಂದೇ: ಬಿಲ್ಲೆಯನ್ನು ಕಳಚಿ ಅದೇ ತೂತಿಗೆ ಎಣ್ಣೆಯ ಗೇಜೊಂದನ್ನು ತಿರುಪಿ, ಇಂಜಿನನ್ನು ಕೆಲವು ಕ್ಷಣ ಮಾತ್ರ ತಿರುಗಿಸಿ ನೋಡುವುದು. ಅಂಥ ಗೇಜೊಂದು ಬೋಟಿನ ಪೆಟ್ಟಿಗೆಯಲ್ಲಿ ಸ್ಪಾನರುಗಳ ಜೊತೆ ಇರಲೇಬೇಕೆಂದು ನನ್ನ ಅಭಿಪ್ರಾಯ. ಅದರ ಬೆಲೆ ಒಂದು ದಿನದ ಡೀಸೆಲಿನ ಮುಂದೆ ಏನೂ ಅಲ್ಲ. ಆದರೆ ಈ ಪರೀಕ್ಷೆಗೆ ಮುಂಚೆ ಎಣ್ಣೆಯ ಮಟ್ಟವನ್ನು ನೋಡದೆ ಇಂಜಿನು ತಿರುಗಿಸಬಾರದು.

ಡಿಪ್ ಸ್ಟಿಕ್ಕು ಎನ್ನುವ ಆ ಅಳತೆಯ ಕಡ್ಡಿ ಇಂಜಿನಿನಲ್ಲಿರುವ ಅತ್ಯಂತ ಅಗ್ಗದ ಸಲಕರಣೆ, ಅತ್ಯಂತ ಹೆಚ್ಚು ಹೇಳುವಂಥದೂ ಅದೇ. ಮಟ್ಟ ಇಳಿದಿದ್ದರೆ ಕಾರಣ ಸ್ಪಷ್ಟ. ಎಲ್ಲಿ ಹೋಯಿತು ಎಂಬುದಷ್ಟೇ ಪ್ರಶ್ನೆ. ಬೋಟಿನ ತಳದ ನೀರಿನಲ್ಲಿ ಕರಿ ಎಣ್ಣೆ ತೇಲುತ್ತಿದೆಯೆ, ತಂಪುನೀರು ಹೊರಬೀಳುವ ಕಡೆ ಕಡಲಿನ ಮೇಲೆ ಕಾಮನಬಿಲ್ಲಿನ ಬಣ್ಣ ಹರಡಿದೆಯೆ ನೋಡಬೇಕು. ಇಲ್ಲಿ ಬೋಟಿನ ಇಂಜಿನಿಗೇ ವಿಶೇಷವಾದ ಒಂದು ತೊಡಕುಂಟು. ಲಾರಿಯಲ್ಲಿ ಇಂಜಿನು ಮಟ್ಟಸವಾಗಿ ಕೂತಿರುತ್ತದೆ. ಬೋಟಿನಲ್ಲಿ ಹಿಂದಿನ ಪಂಕದ ದಂಡಕ್ಕೆ ಸರಿಹೊಂದಲೆಂದು ಇಂಜಿನನ್ನು ಹಿಂದಕ್ಕೆ ಇಳಿಜಾರಾಗಿ ಕೂರಿಸುತ್ತಾರೆ. ಕಡ್ಡಿಯ ಗೆರೆಗಳು ಮಟ್ಟಸದ ಲೆಕ್ಕಕ್ಕೆ ಕೊರೆದವು. ಆ ಗೆರೆಯಲ್ಲಿ ಪೂರ್ತಿ ಎಂದು ಕಂಡದ್ದು ಇಳಿಜಾರಿನಲ್ಲಿ ಕೊರತೆಯಾಗಿರಬಹುದು. ಖಾಲಿ ಸಂಪಿಗೆ ಪುಸ್ತಕದಲ್ಲಿ ಹೇಳಿದ ಲೀಟರುಗಳನ್ನು ಅಳೆದು ಹಾಕಿ, ದಕ್ಕೆಯಲ್ಲಿ ಬೋಟು ನೆಟ್ಟಗಿರುವಾಗ ಕಡ್ಡಿಯಲ್ಲಿ ಹೊಸ ಗೆರೆ ಕೊರೆಯುವುದು ತಿಳಿದವರ ಕ್ರಮ.

ಎಣ್ಣೆ ಕೊರತೆಯಾಗಿದ್ದರೂ ಶಾಂತ ಸಮುದ್ರದಲ್ಲಿ ಮುಳ್ಳು ಎದ್ದೇ ಇರುತ್ತದೆ, ಏಕೆಂದರೆ ಹೀರುವ ಕೊಳವೆಯ ಬಾಯಿ ಇನ್ನೂ ಮುಳುಗಿರುತ್ತದೆ. ಬೋಟು ಹೊಯ್ದಾಡತೊಡಗಿದಾಗ ಎಣ್ಣೆ ಒಂದು ಮೂಲೆಗೆ ಸರಿಯುತ್ತದೆ, ಕೊಳವೆಯ ಬಾಯಿ ತೆರೆದುಕೊಂಡು ಗಾಳಿ ನುಂಗುತ್ತದೆ, ಮುಳ್ಳು ಒಮ್ಮೆ ನಡುಗಿ ಮತ್ತೆ ಮೇಲೆ ಬರುತ್ತದೆ. ಈ ನಡುಕವನ್ನು ಗೇಜಿನ ಚೇಷ್ಟೆಯೆಂದು ಅಲಕ್ಷಿಸಿದರೆ ಏನಾಗಬಹುದೆಂಬುದಕ್ಕೆ ಇತ್ತೀಚಿನ ಒಂದು ದೊಡ್ಡ ಉದಾಹರಣೆಯಿದೆ. ಅದು ನಡೆದದ್ದು ನಾರ್ವೆಯ ಕಡಲಿನಲ್ಲಿ. ನಮ್ಮ ಮೀನುಗಾರಿಕೆಗೂ ಆ ದೇಶಕ್ಕೂ ಹಳೆಯ ಸಂಬಂಧ. ೧೯೫೨ರಲ್ಲಿ ಭಾರತ, ನಾರ್ವೆ, ವಿಶ್ವಸಂಸ್ಥೆಗಳ ನಡುವೆ ಆದ ಒಪ್ಪಂದದಿಂದಲೇ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಜಿನು ಕೂರಿಸಿದ ದೋಣಿಗಳ ಯೋಜನೆ ಆರಂಭವಾದದ್ದು. ಮುಂದಿನ ದಶಕದಲ್ಲಿ ಅದರ ಕೈ ನಮ್ಮ ಕಾರವಾರದವರೆಗೂ ಚಾಚಿತು.

೨೦೧೯ರ ಮಾರ್ಚಿ ೨೩ರಂದು ವೈಕಿಂಗ್ ಸ್ಕೈ ಎಂಬ ಪ್ರವಾಸಿ ಹಡಗು ಟ್ರಾಮ್ಸೋ ಬಂದರಿನಿಂದ ಸ್ಟಾವಾಂಗರಿನ ಕಡೆಗೆ ಬಿರುಗಾಳಿಯಲ್ಲಿ ಸಾಗುತ್ತಿತ್ತು. ಹಡಗಿನಲ್ಲಿ ಒಟ್ಟು ೧,೩೭೩ ಜನ. ನಾಲ್ಕು ಡೀಸೆಲ್ ಇಂಜಿನುಗಳಲ್ಲಿ ಒಂದು ಮೊದಲೇ ಕೆಟ್ಟು ನಿಂತಿತ್ತು. ಇಂಜಿನು ತಯಾರಕರ ಸೂಚನೆಯಂತೆ ಎಣ್ಣೆಯ ತೊಟ್ಟಿಗಳು ನೂರಕ್ಕೆ ೬೮ರಿಂದ ೭೫ ಪಾಲು ತುಂಬಿರಬೇಕಿತ್ತು. ಅವುಗಳಲ್ಲಿ ಇದ್ದದ್ದು ೨೮ರಿಂದ ೪೦ ಪಾಲು. ಅಂದು ಬೆಳಗಿನ ಹೊತ್ತಿನಲ್ಲಿಯೇ ಎಣ್ಣೆ ಕಡಿಮೆಯೆಂಬ ಎಚ್ಚರಿಕೆಗಳು ೧೮ ಸಲ ಮೊಳಗಿ, ಪ್ರತಿಸಲವೂ ಕೆಲವು ಕ್ಷಣಗಳಲ್ಲಿ ತಾವಾಗಿಯೇ ಅಡಗಿದ್ದವು. ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಹುಸ್ತಾದ್ವಿಕ ಎಂಬ ಬಂಡೆಗಳಿಂದ ತುಂಬಿದ ಕರಾವಳಿಯ ಹತ್ತಿರ ಪಂಪುಗಳು ಗಾಳಿ ನುಂಗಿದವು, ಒತ್ತಡ ಬಿತ್ತು, ಇಂಜಿನುಗಳು ತಮ್ಮನ್ನು ಉಳಿಸಿಕೊಳ್ಳುವ ಏರ್ಪಾಡಿನಂತೆ ಒಂದರ ಹಿಂದೊಂದು ನಿಂತುಹೋದವು. ಹಡಗು ದಡದ ಕಡೆಗೆ ತೇಲುತ್ತ, ಬಂಡೆಗೆ ಬಡಿಯಲು ತನ್ನ ಉದ್ದದಷ್ಟೇ ದೂರವಿರುವಾಗ ಇಂಜಿನು ಮತ್ತೆ ಹೊರಟು ಬದುಕಿತು. ಅಷ್ಟರಿಂದ ಮುಂದೆ ೪೭೯ ಜನರನ್ನು ಹೆಲಿಕಾಪ್ಟರುಗಳು ಒಬ್ಬೊಬ್ಬರಾಗಿ ಮೇಲೆತ್ತಿದವು. ಮರುದಿನ ಹಡಗು ಮೋಲ್ಡೆ ಬಂದರನ್ನು ಸೇರಿತು. ಆ ಇಂಜಿನುಗಳಲ್ಲಿ ಬೇರಿಂಗು ಸವೆದಿರಲಿಲ್ಲ, ಪಂಪು ಕೆಟ್ಟಿರಲಿಲ್ಲ. ಕೊರತೆಯಾದದ್ದು ಎಣ್ಣೆ.

ಮಟ್ಟ ಇಳಿದಿರುವುದಕ್ಕಿಂತ ಅನಿಷ್ಟವಾದದ್ದು ಮಟ್ಟ ಏರಿರುವುದು. ಎಣ್ಣೆಯನ್ನು ಯಾರೂ ಹಾಕದೆ ಅದು ಹೆಚ್ಚಿದೆಯೆಂದರೆ ಬೇರೇನೋ ಒಳಗೆ ಬಂದಿದೆ: ಡೀಸೆಲು ಅಥವಾ ನೀರು. ಡೀಸೆಲು ಬರುವುದು ಇಂಧನ ಪಂಪಿನ ಪರದೆ ಹರಿದಾಗ, ಅಥವಾ ಸೋರುವ ಇಂಜೆಕ್ಟರಿನಿಂದ. ಅದು ಎಣ್ಣೆಯನ್ನು ತಿಳಿಸಾರಿನಂತೆ ಮಾಡುತ್ತದೆ. ಕಡ್ಡಿಯನ್ನು ಮೂಸಿ ನೋಡಿದರೆ ವಾಸನೆ ಹೇಳುತ್ತದೆ. ಅಷ್ಟಕ್ಕೂ ಸಂದೇಹವಾದರೆ ಒಂದು ತೊಟ್ಟನ್ನು ಹೀರುಕಾಗದದ ಮೇಲೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಡೀಸೆಲು ಕರಿಯ ಬೊಟ್ಟಿನಿಂದ ಬೇರೆಯಾಗಿ ಸುತ್ತಲೂ ತಿಳಿಯಾದ ಬಳೆಯಾಗಿ ಹರಡುತ್ತದೆ. ನೀರು ಸೇರಿದ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಕಾದ ತಗಡಿನ ಮೇಲೆ ಒಂದೇ ಒಂದು ತೊಟ್ಟು ಬಿಟ್ಟರೆ ಸಾಸಿವೆ ಸಿಡಿದಂತೆ ಚಟಪಟ ಎನ್ನುತ್ತದೆ. ಈ ಪರೀಕ್ಷೆಯನ್ನು ಡೀಸೆಲಿನ ವಾಸನೆ ಬರುವ ಎಣ್ಣೆಗೆ ಮಾಡಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನೀರು ಬರುವ ದಾರಿ ಬಹುಮಟ್ಟಿಗೆ ಎಣ್ಣೆಯ ಕೂಲರು. ಅದರ ಸಣ್ಣ ಕೊಳವೆಗಳ ಒಂದು ಮಗ್ಗುಲಲ್ಲಿ ಎಣ್ಣೆ, ಇನ್ನೊಂದು ಮಗ್ಗುಲಲ್ಲಿ ನೀರು, ಕೆಲವು ಬೋಟುಗಳಲ್ಲಿ ನೇರವಾಗಿ ಸಮುದ್ರದ ನೀರು. ಉಪ್ಪು ತಿಂದು ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತಾದರೆ, ಇಂಜಿನು ಓಡುವಾಗ ಎಣ್ಣೆಯ ಒತ್ತಡ ಹೆಚ್ಚಾದ್ದರಿಂದ ಎಣ್ಣೆ ಕಡಲಿಗೆ ಹೋಗುತ್ತದೆ. ಇಂಜಿನು ನಿಂತಾಗ ಒತ್ತಡವಿಲ್ಲದ ಎಣ್ಣೆಯೊಳಕ್ಕೆ ಕಡಲು ಬರುತ್ತದೆ. ಹೋಗುವಾಗ ಒಂದು, ಬರುವಾಗ ಇನ್ನೊಂದು. ರಾತ್ರಿ ಬಂದರಿನಲ್ಲಿ ನಿಲ್ಲಿಸಿ ಬೆಳಗ್ಗೆ ಕಡ್ಡಿ ತೆಗೆದಾಗ ಬಣ್ಣ ಬದಲಾಗಿದ್ದರೆ ಇಂಜಿನು ಚಾಲೂ ಮಾಡದೆ ಎಣ್ಣೆ ಇಳಿಸಬೇಕು. ಬೇರಿಂಗಿಗೆ ಉಪ್ಪುನೀರಿನಷ್ಟು ಬೇಗ ಮರಣ ತರುವುದು ಬೇರೊಂದಿಲ್ಲ.

ಗೇಜು ಸರಿಯಿದೆ, ಮಟ್ಟ ಸರಿಯಿದೆ, ಎಣ್ಣೆ ಶುದ್ಧವಾಗಿದೆ, ಆದರೂ ಒತ್ತಡ ಕಡಿಮೆ ಎಂದಾದಾಗ, ಮುಳ್ಳು ಇಳಿದ ರೀತಿಯನ್ನು ವಿಚಾರಿಸಬೇಕು. ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಎಲ್ಲ ವೇಗಗಳಲ್ಲೂ ಕೆಳಗೇ ನಿಂತಿದ್ದರೆ ರಿಲೀಫ್ ವಾಲ್ವನ್ನು ನೋಡಿ. ಒತ್ತಡ ಮಿತಿಮೀರಿದಾಗ ಹೆಚ್ಚಿನ ಎಣ್ಣೆಯನ್ನು ಸಂಪಿಗೆ ಹಿಂತಿರುಗಿಸುವ ಸಣ್ಣ ಬಾಗಿಲು ಅದು, ಸ್ಪ್ರಿಂಗಿನ ಬಲದಿಂದ ಮುಚ್ಚಿರುತ್ತದೆ. ಒಂದು ಚೂರು ಕಸ ಸಿಕ್ಕಿಕೊಂಡರೆ, ಸ್ಪ್ರಿಂಗು ಮುರಿದರೆ, ಬಾಗಿಲು ತೆರೆದೇ ಉಳಿಯುತ್ತದೆ. ಬಿಚ್ಚಿ ತೊಳೆಯುವುದು ಗಂಟೆಯೊಳಗಿನ ಕೆಲಸ. ಚಾಲೂ ಮಾಡಿದ ಮೇಲೆ ಮುಳ್ಳು ಏಳಲು ಬಹಳ ತಡಮಾಡುತ್ತದೆ, ಎಣ್ಣೆಯಲ್ಲಿ ನೊರೆ ಕಾಣುತ್ತದೆ, ವೇಗ ಹೆಚ್ಚಿಸಿದಷ್ಟೂ ಒತ್ತಡ ಏರದೆ ತೊದಲುತ್ತದೆ ಎಂದಾದರೆ ದೋಷ ಹೀರುವ ಕಡೆ ಇದೆ: ಜರಡಿಗೆ ಕೆಸರು ಮೆತ್ತಿದೆ, ಇಲ್ಲವೆ ಕೊಳವೆಯ ಸೇರುವೆಯಲ್ಲಿ ಗಾಳಿ ನುಸುಳುತ್ತಿದೆ. ಫಿಲ್ಟರು ಕಟ್ಟಿಕೊಂಡಾಗ ಮಾತ್ರ ಮುಳ್ಳು ಅಷ್ಟಾಗಿ ಇಳಿಯದೆ ಮೋಸ ಮಾಡಬಹುದು, ಏಕೆಂದರೆ ಬಹುಪಾಲು ಇಂಜಿನುಗಳಲ್ಲಿ ಫಿಲ್ಟರು ಮುಚ್ಚಿದರೆ ಎಣ್ಣೆ ಸೋಸದೆಯೇ ಪಕ್ಕದ ದಾರಿಯಿಂದ ಹೋಗುವ ವ್ಯವಸ್ಥೆಯಿದೆ. ಬೇರಿಂಗಿಗೆ ಎಣ್ಣೆ ಸಿಕ್ಕುತ್ತದೆ, ಜೊತೆಗೆ ಕಸವೂ.

ಬೇರಿಂಗುಗಳ ಸವೆತ ಇವೆಲ್ಲಕ್ಕಿಂತ ಬೇರೆ ಬಗೆ. ಅದು ಒಂದು ರಾತ್ರಿಯಲ್ಲಿ ಬರುವುದಿಲ್ಲ. ತಿಂಗಳುಗಳ ಕಾಲ, ಬಿಸಿಯಾದ ಇಂಜಿನು ಬರಿದೆ ಉರಿಯುವಾಗ ಮಾತ್ರ ಮುಳ್ಳು ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ. ವೇಗ ಕೊಟ್ಟರೆ ಎಂದಿನಂತೆ ಏರುತ್ತದೆ. ಸಂದಿನಿಂದ ಸೋರುವ ಎಣ್ಣೆಯ ಪ್ರಮಾಣವು ಸಂದಿನ ಅಗಲದ ಘನದಂತೆ ಬೆಳೆಯುತ್ತದೆಂಬುದು ಇಲ್ಲಿ ನೆನಪಿಡಬೇಕಾದ ಲೆಕ್ಕ: ಸಂದು ಎರಡರಷ್ಟಾದರೆ ಸೋರಿಕೆ ಎಂಟರಷ್ಟು. ಆದ್ದರಿಂದಲೇ ಕೊನೆಯ ದಿನಗಳಲ್ಲಿ ಇಳಿತ ವೇಗವಾಗುತ್ತದೆ. ಫಿಲ್ಟರನ್ನು ಕೊಯ್ದು ಅದರ ಕಾಗದವನ್ನು ಬಿಸಿಲಿಗೆ ಹಿಡಿದರೆ ಹೊಳೆಯುವ ಪುಡಿ ಕಂಡೀತು. ಅಯಸ್ಕಾಂತಕ್ಕೆ ಅಂಟಿದರೆ ಕಬ್ಬಿಣ; ಅಂಟದೆ ಬಿಳಿ ಅಥವಾ ತಾಮ್ರದ ಬಣ್ಣವಾಗಿದ್ದರೆ ಬೇರಿಂಗಿನ ಮೈ ಕರಗುತ್ತಿದೆಯೆಂದು ತಿಳಿಯಬೇಕು. ಜೊತೆಗೆ ತಳದಿಂದ ಒನಕೆ ಕುಟ್ಟಿದಂತೆ ಸದ್ದು ಬಂದರೆ ಇನ್ನು ಪರೀಕ್ಷೆಯಿಲ್ಲ. ನಿಲ್ಲಿಸಿ, ಇನ್ನೊಂದು ಬೋಟಿಗೆ ಹಗ್ಗ ಕೊಡುವುದೇ ಸರಿ.

ಸದ್ದಿಲ್ಲದ, ಬರಿಯ ಬಿಸಿಯ ಇಳಿತ ಮಾತ್ರವಾದರೆ ಬೋಟನ್ನು ಮನೆಗೆ ತರಬಹುದು. ಆಗ ಬಹಳ ನಿಧಾನವಾಗಿ ತರುವುದೇ ಕ್ಷೇಮವೆಂದು ತೋರುತ್ತದೆ. ಇದು ಪೂರ್ತಿ ನಿಜವಲ್ಲ. ಪಂಪು ಇಂಜಿನಿನ ಜೊತೆಗೇ ತಿರುಗುವುದರಿಂದ ವೇಗ ತೀರ ತಗ್ಗಿದರೆ ಎಣ್ಣೆಯೂ ತಗ್ಗುತ್ತದೆ. ಬಲೆಯ ಭಾರವನ್ನು ಕಳಚಿ, ಮುಳ್ಳು ಸುರಕ್ಷಿತವಾಗಿ ನಿಲ್ಲುವಂಥ ಮಧ್ಯಮ ವೇಗದಲ್ಲಿ ಹೊರಟು, ಒಬ್ಬನನ್ನು ಗೇಜಿನ ಮುಂದೆ ಕೂರಿಸಬೇಕು.

ಈ ಹಂತದಲ್ಲಿ ಕೆಲವರು ಮಾಡುವ ಒಂದು ಉಪಾಯವನ್ನು ಇಲ್ಲಿ ಆಕ್ಷೇಪಿಸದೆ ಬಿಡಲಾರೆ. ಮುಳ್ಳು ಇಳಿದರೆ ಗಟ್ಟಿ ಎಣ್ಣೆ ಸುರಿಯುವುದು, ಅಥವಾ ರಿಲೀಫ್ ವಾಲ್ವಿನ ಸ್ಪ್ರಿಂಗಿನ ಹಿಂದೆ ಒಂದು ವಾಷರನ್ನು ಸೇರಿಸುವುದು. ಎರಡರಿಂದಲೂ ಮುಳ್ಳು ಏರಬಹುದು, ಮಾಲಿಕನಿಗೆ ನೆಮ್ಮದಿಯಾದೀತು. ಆದರೆ ಗಟ್ಟಿ ಎಣ್ಣೆ ಬೆಳಗಿನ ತಂಪಿನಲ್ಲಿ ದೂರದ ಬೇರಿಂಗಿಗೆ ತಡವಾಗಿ ತಲುಪುತ್ತದೆ, ಇಂಜಿನು ಸವೆಯುವುದು ಹೆಚ್ಚಾಗಿ ಆ ಹೊತ್ತಿನಲ್ಲಿಯೇ. ಸವೆದ ಸಂದು ಸವೆದೇ ಇರುತ್ತದೆ. ಜ್ವರಮಾಪಕವನ್ನು ತಣ್ಣೀರಿನಲ್ಲಿ ಅದ್ದಿ ಜ್ವರ ಇಳಿಯಿತು ಎಂದಂತೆ ಇದು.

ಗಂಗೊಳ್ಳಿಯ ಬೋಟಾಗಲಿ ಮನೀಶ್ ನಗರದ ಜನರೇಟರಾಗಲಿ, ಇಂಜಿನಿನ ಪಕ್ಕದಲ್ಲಿ ದಾರದಲ್ಲಿ ಕಟ್ಟಿದ ಒಂದು ನೋಟ್ ಪುಸ್ತಕ, ಒಂದು ಪೆನ್ಸಿಲು ಇದ್ದರೆ ಮೇಲಿನ ಪತ್ತೇದಾರಿಕೆಯ ಅರ್ಧ ಪಾಲು ತಪ್ಪುತ್ತದೆ. ಬರೆಯಬೇಕಾದದ್ದು ಸ್ವಲ್ಪವೇ: ತಾರೀಖು, ಇಂಜಿನು ಓಡಿದ ಗಂಟೆ, ಪೂರ್ತಿ ಬಿಸಿಯಾದ ಮೇಲೆ ಒಂದೇ ಗೊತ್ತಾದ ವೇಗದಲ್ಲಿ ಎಣ್ಣೆಯ ಒತ್ತಡ, ನೀರಿನ ಬಿಸಿ, ಬರಿದೆ ಉರಿಯುವಾಗಿನ ಒತ್ತಡ, ಹಾಕಿದ ಎಣ್ಣೆ ಎಷ್ಟು ಲೀಟರು. ಹೊಸ ಮೆಕ್ಯಾನಿಕ್ಕನು ಬಂದಾಗ ಅವನ ಕೈಗೆ ಮೊದಲು ಈ ಪುಸ್ತಕವನ್ನು ಕೊಡಬೇಕು, ಸ್ಪಾನರನ್ನಲ್ಲ.

ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಜೂನ್ ೧ರಿಂದ ಜುಲೈ ೩೧ರವರೆಗೆ, ೬೧ ದಿನ, ಮೀನುಗಾರಿಕೆ ನಿಷಿದ್ಧ. ಸಂಪು ಇಳಿಸಿ ಜರಡಿ ತೊಳೆಯುವುದಕ್ಕೆ, ಕೂಲರಿನ ಕೊಳವೆಗಳಿಗೆ ಗಾಳಿಯ ಒತ್ತಡ ಹಾಕಿ ನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೋ ಎಂದು ನೋಡುವುದಕ್ಕೆ, ಒಂದೆರಡು ಬೇರಿಂಗಿನ ಮುಚ್ಚಳ ತೆಗೆದು ಅಳೆಯುವುದಕ್ಕೆ ಇದಕ್ಕಿಂತ ಸಮಯ ಬೇರೆಯಿಲ್ಲ. ಬಿಚ್ಚಿದ ಇಂಜಿನನ್ನು ಮತ್ತೆ ಜೋಡಿಸಿದ ಮೇಲೆ, ಡೀಸೆಲನ್ನು ತಡೆದು, ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ತಿರುಗಿಸಿ, ಗೇಜಿನ ಮುಳ್ಳು ಅಲುಗಿದ ನಂತರವೇ ಇಂಜಿನಿಗೆ ಬೆಂಕಿ ಕೊಡಬೇಕು; ಒಣಗಿದ ಬೇರಿಂಗಿನ ಮೇಲೆ ಮೊದಲ ಸುತ್ತನ್ನು ತಿರುಗಿಸಿದರೆ ಎರಡು ತಿಂಗಳ ಕೆಲಸ ಅರೆ ನಿಮಿಷದಲ್ಲಿ ಹಾಳಾಗುತ್ತದೆ.